ಮಾನವಿಕ ಶಾಸ್ತ್ರಗಳ ಡಾಕ್ಟರೇಟ್ ಮತ್ತು ವಿದೇಶದ ಅಧ್ಯಾಪನ

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಯಡಿಯೂರು ಒಂದು ಕಾಲಕ್ಕೆ ಕೆರೆಯ ಮಗ್ಗುಲಿನ ಹಳ್ಳಿ. 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆಯಾದ ಬಳಿಕ ನಗರವು ದಕ್ಷಿಣಕ್ಕೆ ಬೆಳೆಯುತ್ತ ಬಂದು ಈ ಹಳ್ಳಿಯನ್ನು ತನ್ನೊಳಗೆ ಸೇರಿಸಿಕೊಂಡಿತು. ಕುಣಿಗಲ್ ತಾಲ್ಲೂಕಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿರುವ ಪುಣ್ಯಕ್ಷೇತ್ರವಾದ ಯಡಿಯೂರಿನೊಡನೆ ಇದನ್ನು ಹೆಸರಿನ ಸಾಮ್ಯದಿಂದ ಕೂಡಿಸಿ ಹೇಳುವವರುಂಟು. ಊರುಗಳು ಬೇರೆ ಬೇರೆ. ಇಂದು ಯಡಿಯೂರು, ಜಯನಗರ, ಬಸವನಗುಡಿಗಳ ಬೀದಿಗಳಲ್ಲಿ ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ವಿರಳವಲ್ಲ. ಎಂಜಿನಿಯರಿಂಗ್ ಓದಿದ ಹುಡುಗನು ಯಾವ ಪರೀಕ್ಷೆ ಬರೆಯಬೇಕು, ಯಾವ ತಿಂಗಳಲ್ಲಿ ಅರ್ಜಿ ಹಾಕಬೇಕು, ವೀಸಾ ಸಂದರ್ಶನಕ್ಕೆ ಯಾವ ಕಾಗದಪತ್ರಗಳನ್ನು ಒಯ್ಯಬೇಕು ಎಂಬುದನ್ನು ನೆರೆಮನೆಯವರೇ ಹೇಳಬಲ್ಲರು. ಆದರೆ ಕನ್ನಡ, ಇತಿಹಾಸ, ತತ್ತ್ವಶಾಸ್ತ್ರ, ಸಂಸ್ಕೃತ, ಭಾಷಾವಿಜ್ಞಾನ ಮೊದಲಾದ ವಿಷಯಗಳಲ್ಲಿ ಡಾಕ್ಟರೇಟ್ ಪಡೆದು, ಹೊರದೇಶದ ವಿಶ್ವವಿದ್ಯಾನಿಲಯವೊಂದರಲ್ಲಿ ಪಾಠ ಹೇಳಬೇಕೆಂದು ಬಯಸುವವರಿಗೆ ಹಾಗೆ ದಾರಿ ತೋರುವವರು ಬಹಳ ಕಡಿಮೆ.

ಈ ಕೊರತೆಯಿಂದಾಗುವ ನಷ್ಟ ಸಣ್ಣದಲ್ಲ. ಎಂ.ಎ. ಮುಗಿಸಿ ಸಂಶೋಧನೆಗೆ ತೊಡಗಿದವರು ಮಹಾಪ್ರಬಂಧವನ್ನು ಸಲ್ಲಿಸುವ ಹೊತ್ತಿಗೆ ಸಾಮಾನ್ಯವಾಗಿ ಮೂವತ್ತರ ಆಸುಪಾಸಿನಲ್ಲಿರುತ್ತಾರೆ. ತಂದೆತಾಯಿಗಳು ಅಷ್ಟರಲ್ಲಿ ವಯಸ್ಸಾದವರು. ಒಡಹುಟ್ಟಿದವರು ಸಂಪಾದನೆಗೆ ತೊಡಗಿರುವವರು. ಆ ಮೇಲಣ ಐದಾರು ವರ್ಷಗಳನ್ನು ತಪ್ಪು ದಿಕ್ಕಿನಲ್ಲಿ ಅರ್ಜಿ ಹಾಕುತ್ತ ಕಳೆದರೆ, ಅಲ್ಲಿಯ ಕೆಲಸವೂ ದೊರೆಯದೆ ಇಲ್ಲಿಯ ಅವಕಾಶವೂ ಕೈತಪ್ಪುವ ಸ್ಥಿತಿ ಬರುತ್ತದೆ. ದೂರದ ಬೆಟ್ಟ ನುಣ್ಣಗೆ ಕಾಣುವುದು ಸಹಜ. ಹತ್ತಬೇಕಾದವರಿಗೆ ಅದರ ಕಲ್ಲುಮುಳ್ಳುಗಳ ಪರಿಚಯವೂ ಇರಬೇಕು. ಅಂಥ ಪರಿಚಯವನ್ನು ಮಾಡಿಕೊಡುವುದು, ಶಿಷ್ಯರಿಗೆ ಸಲಹೆ ನೀಡುವ ಅಧ್ಯಾಪಕರಿಗೂ, ವಿದ್ಯೆಗೆ ನೆರವಾಗುವ ದಾನಿಗಳಿಗೂ, ಹಳೆಯ ವಿದ್ಯಾರ್ಥಿಗಳಿಗೂ ಉಪಯುಕ್ತವಾಗಬಲ್ಲ ಕೆಲವು ಸಂಗತಿಗಳನ್ನು ಒಂದೆಡೆ ಸೇರಿಸುವುದು ಈ ಲೇಖನದ ಉದ್ದೇಶ.

ಹಿಂದಿನವರು ನಡೆದ ದಾರಿ

ಕನ್ನಡ ನಾಡಿನಿಂದ ಹೊರಟು ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳಲ್ಲಿ ಮಾನವಿಕ ಮತ್ತು ಸಮಾಜ ಶಾಸ್ತ್ರಗಳನ್ನು ಬೋಧಿಸಿದವರ ಸಾಲು ಚಿಕ್ಕದಾದರೂ ತೂಕವುಳ್ಳದ್ದು. ಮೈಸೂರಿನಲ್ಲಿ 1916ರಲ್ಲಿ ಜನಿಸಿದ ಎಂ.ಎನ್. ಶ್ರೀನಿವಾಸರು ಮುಂಬಯಿಯಲ್ಲಿ ಜಿ.ಎಸ್. ಘುರ್ಯೆಯವರ ಬಳಿ ಡಾಕ್ಟರೇಟ್ ಪಡೆದ ಮೇಲೆಯೂ ಆಕ್ಸ್‌ಫರ್ಡಿಗೆ ಹೋಗಿ ಅಲ್ಲಿ ಮತ್ತೊಮ್ಮೆ ವಿದ್ಯಾರ್ಥಿಯಾದರು. 1947ರಲ್ಲಿ ಅಲ್ಲಿಯ ಡಾಕ್ಟರೇಟ್ ದೊರೆಯಿತು. ಭಾರತೀಯ ಸಮಾಜಶಾಸ್ತ್ರದ ಉಪನ್ಯಾಸಕ ಹುದ್ದೆಯೂ ಅದೇ ವಿಶ್ವವಿದ್ಯಾನಿಲಯದಲ್ಲಿ ಲಭಿಸಿತು. ಮೊದಲ ವರ್ಷವನ್ನು ಕ್ಷೇತ್ರಕಾರ್ಯಕ್ಕೆ ಮೀಸಲಿಡಲು ಅನುಮತಿ ಸಿಕ್ಕಿದ್ದರಿಂದ 1948ರಲ್ಲಿ ಅವರು ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿದರು. 1951ರಲ್ಲಿ ಆಕ್ಸ್‌ಫರ್ಡನ್ನು ಬಿಟ್ಟು ಬರೋಡಕ್ಕೆ ಮರಳಿದರು. ಮುಂದೆ ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಸಮಾಜಶಾಸ್ತ್ರದ ಅಧ್ಯಯನವನ್ನು ಕಟ್ಟಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಬೆಂಕಿಯ ಅನಾಹುತದಲ್ಲಿ ಅವರ ಟಿಪ್ಪಣಿಗಳ ಸಂಸ್ಕರಿಸಿದ ಪ್ರತಿಗಳು ಸುಟ್ಟುಹೋದುದೂ, ಆ ಹಳ್ಳಿಯನ್ನು ಕುರಿತ ಗ್ರಂಥವನ್ನು ಹೆಚ್ಚಾಗಿ ನೆನಪಿನಿಂದಲೇ ಬರೆದು 1976ರಲ್ಲಿ ಪ್ರಕಟಿಸಿದುದೂ ವಿದ್ವತ್ಪ್ರಪಂಚಕ್ಕೆ ತಿಳಿದ ವಿಷಯ.

ಎ.ಕೆ. ರಾಮಾನುಜನ್ ಅವರ ವೃತ್ತಾಂತ ಇನ್ನೂ ಹೆಚ್ಚು ಬೋಧಪ್ರದ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಅವರು ಹಲವು ವರ್ಷ ಕಾಲೇಜು ಅಧ್ಯಾಪಕರಾಗಿ ದುಡಿದರು. ಆ ಪೈಕಿ ಬೆಳಗಾವಿಯ ಲಿಂಗರಾಜ ಕಾಲೇಜಿನ ಸೇವೆ ಮುಖ್ಯವಾದದ್ದು. ಶಿರಸಂಗಿ ಲಿಂಗರಾಜ ದೇಸಾಯಿಯವರ ಹೆಸರನ್ನು ಹೊತ್ತ, ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಆ ಕಾಲೇಜಿನಲ್ಲಿದ್ದ ದಿನಗಳಲ್ಲಿಯೇ ಅವರು ಉತ್ತರ ಕರ್ನಾಟಕದ ಜನಪದ ಕಥೆಗಳನ್ನು ಸಂಗ್ರಹಿಸಿದರು. ಬಳಿಕ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ತರಬೇತಿ ಪಡೆದು, 1959ರಲ್ಲಿ ಫುಲ್‌ಬ್ರೈಟ್ ವೇತನದ ನೆರವಿನಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯವನ್ನು ಸೇರಿದರು. 1962ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪನ ದೊರೆಯಿತು; ಕನ್ನಡ ವ್ಯಾಕರಣವನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಬಂದುದು 1963ರಲ್ಲಿ. 1993ರಲ್ಲಿ ನಿಧನರಾಗುವವರೆಗೂ ಅವರು ಅಲ್ಲಿಯೇ ಇದ್ದರು. 1973ರಲ್ಲಿ ಪ್ರಕಟವಾದ ಅವರ ವಚನಾನುವಾದವು ಬಸವಣ್ಣ, ದೇವರ ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮಪ್ರಭುಗಳನ್ನು ಇಂಗ್ಲಿಷ್ ಬಲ್ಲ ಓದುಗರೆಲ್ಲರ ಮುಂದಿಟ್ಟಿತು. ಇಂಗ್ಲಿಷ್ ಸಾಹಿತ್ಯದ ಎಂ.ಎ. ಪದವಿಯೊಂದೇ ಅವರನ್ನು ಷಿಕಾಗೋ ವರೆಗೆ ಒಯ್ಯಲಿಲ್ಲ. ಕನ್ನಡ ಮತ್ತು ತಮಿಳುಗಳ ಆಳವಾದ ಜ್ಞಾನ, ಅದಕ್ಕೆ ಒದಗಿಬಂದ ಹೊಸ ಶಾಸ್ತ್ರದ ಶಿಕ್ಷಣ, ಇವೆರಡರ ಸಂಗಮವು ಒಯ್ದಿತು ಎಂಬುದು ಗಮನಾರ್ಹ.

ಹಾಸನದಲ್ಲಿ 1908ರಲ್ಲಿ ಜನಿಸಿದ ರಾಜಾ ರಾವ್ ಅವರು 1966ರಿಂದ 1980ರವರೆಗೆ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದರು. ಫ್ರಾನ್ಸಿನಲ್ಲಿ ಆರಂಭಿಸಿದ ಸಂಶೋಧನೆಯನ್ನು ಅವರು ಪೂರ್ಣಗೊಳಿಸಿರಲಿಲ್ಲ. ಕಾದಂಬರಿಕಾರರಾಗಿ ಗಳಿಸಿದ ಕೀರ್ತಿಯೇ ಅವರ ಅರ್ಹತೆಯಾಗಿತ್ತು. ಇದು ಅಪವಾದವೇ ಹೊರತು ಮಾದರಿಯಲ್ಲ. ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಹೋಗಿ, 1966ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಡಾಕ್ಟರೇಟ್ ಪಡೆದು, ಮೈಸೂರಿಗೆ ಮರಳಿ ಪಾಠ ಹೇಳಿದರು. ಅನಂತರ ಸಂದರ್ಶಕ ಪ್ರಾಧ್ಯಾಪಕರಾಗಿ ಅನೇಕ ಬಾರಿ ಹೊರದೇಶಗಳಿಂದ ಆಹ್ವಾನಿತರಾದರು. ಅವರಿಗಿಂತ ಹಿಂದಿನ ತಲೆಮಾರಿನ ಎಸ್.ಸಿ. ನಂದೀಮಠರು ಲಂಡನ್ನಿನಲ್ಲಿ ವೀರಶೈವವನ್ನು ಕುರಿತು ಸಂಶೋಧನೆ ಮಾಡಿ ಡಾಕ್ಟರೇಟ್ ಗಳಿಸಿ ತಾಯ್ನಾಡಿಗೆ ಮರಳಿದರು. ಅವರ ವೀರಶೈವ ಕೈಪಿಡಿ 1942ರಲ್ಲಿ ಧಾರವಾಡದಿಂದ ಇಂಗ್ಲಿಷಿನಲ್ಲಿ ಹೊರಬಂದಿತು. ತೋಂಟದ ಸಿದ್ಧಲಿಂಗ ಯತಿಗಳ ಶಿಷ್ಯಪರಂಪರೆಯ ಗೂಳೂರು ಸಿದ್ಧವೀರಣ್ಣೊಡೆಯರು ಸಂಕಲಿಸಿದ ಶೂನ್ಯಸಂಪಾದನೆಯನ್ನು ಕರ್ನಾಟಕ ವಿಶ್ವವಿದ್ಯಾನಿಲಯವು ಇಂಗ್ಲಿಷಿಗೆ ತರತೊಡಗಿದಾಗ, 1965ರ ಮೊದಲ ಸಂಪುಟದ ಸಂಪಾದಕರಲ್ಲಿ ಅವರೂ ಒಬ್ಬರಾಗಿದ್ದರು.

ಹೀಗೆ ನೋಡಿದರೆ ದಾರಿಗಳು ಮೂರು: ಹೋಗಿ ನೆಲೆಸುವುದು, ಕೆಲಕಾಲ ಬೋಧಿಸಿ ಮರಳುವುದು, ಓದಿ ಬಂದು ಇಲ್ಲಿ ಕಟ್ಟಿದ ಹೆಸರಿನ ಬಲದಿಂದ ಆಹ್ವಾನಿತರಾಗುವುದು. ಮೂರೂ ಗೌರವದ ದಾರಿಗಳೇ. ಮೊದಲನೆಯದೊಂದೇ ಯಶಸ್ಸು ಎಂದೆಣಿಸುವುದು ತಪ್ಪು ಗ್ರಹಿಕೆ.

ಬಾಗಿಲು ತೆರೆದ ಕಾಲ, ಕಿರಿದಾದ ಕಾಲ

ರಾಮಾನುಜನ್ ಅವರ ತಲೆಮಾರಿಗೆ ಬಾಗಿಲು ತೆರೆದುದಕ್ಕೆ ವ್ಯಕ್ತಿಯ ಪ್ರತಿಭೆಯಷ್ಟೇ ಕಾಲದ ಕಾರಣಗಳೂ ಇದ್ದವು. 1950ರಲ್ಲಿ ಭಾರತ ಮತ್ತು ಅಮೆರಿಕ ಸರ್ಕಾರಗಳ ನಡುವೆ ಫುಲ್‌ಬ್ರೈಟ್ ಒಪ್ಪಂದವಾಯಿತು. 1957ರಲ್ಲಿ ರಷ್ಯವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದುದರಿಂದ ಎಚ್ಚೆತ್ತ ಅಮೆರಿಕವು 1958ರಲ್ಲಿ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯನ್ನು ತಂದು, ವಿಜ್ಞಾನದ ಜೊತೆಗೆ ಏಷ್ಯದ ಭಾಷೆಗಳ ಬೋಧನೆಗೂ ಹಣ ಒದಗಿಸಿತು. 1961ರಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸ್ಥಾಪಿತವಾಯಿತು. ಭಾರತಕ್ಕೆ ಗೋಧಿ ಮಾರಿ ಬಂದ ರೂಪಾಯಿಗಳ ಒಂದು ಭಾಗದಿಂದ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ಗ್ರಂಥಾಲಯಗಳಿಗೆ ಕಳಿಸುವ ಏರ್ಪಾಡು 1962ರಿಂದ ನಡೆಯಿತು. ಪುಸ್ತಕಗಳು ಹೋದವು, ಅವನ್ನು ಓದಿಸಬಲ್ಲವರೂ ಬೇಕಾದರು.

ಇಂದು ಆ ಸ್ಥಿತಿ ಉಳಿದಿಲ್ಲ. 2008ರ ಆರ್ಥಿಕ ಮುಗ್ಗಟ್ಟಿನ ತರುವಾಯ ಅಮೆರಿಕದಲ್ಲಿ ಸಾಹಿತ್ಯ ಮತ್ತು ಭಾಷೆಗಳ ಅಧ್ಯಾಪಕ ಹುದ್ದೆಗಳ ಜಾಹೀರಾತುಗಳು ಹತ್ತು ವರ್ಷಗಳೊಳಗೆ ಅರ್ಧಕ್ಕಿಂತಲೂ ಕೆಳಗಿಳಿದವು. ಆ ದೇಶದ ಕಾಲೇಜು ಅಧ್ಯಾಪಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರು ಖಾಯಮಾತಿಯ ಸಾಲಿಗೆ ಹೊರಗಿನವರು. ಷಿಕಾಗೋ, ಹಾರ್ವರ್ಡ್‌ಗಳಂಥ ಹೆಸರಾಂತ ಸಂಸ್ಥೆಗಳಲ್ಲಿ ಡಾಕ್ಟರೇಟ್ ಪಡೆದ ಅಲ್ಲಿಯವರೇ ವರ್ಷಗಟ್ಟಲೆ ಕಾಯುತ್ತಿರುವಾಗ, ಭಾರತದ ವಿಶ್ವವಿದ್ಯಾನಿಲಯದ ಪದವಿಯೊಡನೆ ನೇರವಾಗಿ ಅಲ್ಲಿಯ ಖಾಯಂ ಹುದ್ದೆಗೆ ಆಯ್ಕೆಯಾಗುವುದು ವಿರಳವೆಂದು ಅಧ್ಯಾಪಕರು ತಮ್ಮ ಶಿಷ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಆದಕಾರಣ ಹೊರದೇಶದಲ್ಲಿಯೇ ವೃತ್ತಿ ನಡೆಸುವ ನಿಶ್ಚಯವುಳ್ಳವರು ಎಂ.ಎ. ಆದ ಕೂಡಲೆ ಅಲ್ಲಿಯೇ ಡಾಕ್ಟರೇಟ್ ಅಧ್ಯಯನಕ್ಕೆ ಅರ್ಜಿ ಹಾಕುವುದು ಹೆಚ್ಚು ಫಲಕಾರಿ. ಅಮೆರಿಕದ ಉತ್ತಮ ವಿಭಾಗಗಳು ಡಾಕ್ಟರೇಟ್ ವಿದ್ಯಾರ್ಥಿಗಳಿಗೆ ಶುಲ್ಕ ವಿನಾಯಿತಿಯನ್ನೂ ಜೀವನವೇತನವನ್ನೂ ನೀಡುತ್ತವೆ. ಬೋಧನೆಯ ಅನುಭವವೂ ಅಲ್ಲಿಯೇ ದೊರೆಯುತ್ತದೆ. ಇಲ್ಲಿ ಪದವಿ ಪಡೆದವರಿಗೆ ಹೊರದೇಶದ ಸಂಶೋಧನ ವೇತನವೇ ಮೊದಲ ಮೆಟ್ಟಲು.

ಹುದ್ದೆಗಳ ಸ್ವರೂಪ

ಒಂದೊಂದು ದೇಶದ ಪದ್ಧತಿ ಒಂದೊಂದು ಬಗೆಯದು. ಅಮೆರಿಕದಲ್ಲಿ ಸಹಾಯಕ ಪ್ರಾಧ್ಯಾಪಕರಾಗಿ ಸೇರಿದವರ ಸಂಶೋಧನೆ, ಬೋಧನೆ, ಸೇವೆಗಳನ್ನು ಸುಮಾರು ಆರನೆಯ ವರ್ಷದಲ್ಲಿ ಪರಿಶೀಲಿಸಿ, ಒಪ್ಪಿಗೆಯಾದರೆ ಖಾಯಂ ಮಾಡುತ್ತಾರೆ. ಆಗದಿದ್ದರೆ ಆ ಸಂಸ್ಥೆಯನ್ನು ಬಿಡಬೇಕಾಗುತ್ತದೆ. ಮಾನವಿಕ ವಿಷಯಗಳಲ್ಲಿ ಈ ಪರಿಶೀಲನೆಗೆ ಪ್ರತಿಷ್ಠಿತ ವಿಶ್ವವಿದ್ಯಾನಿಲಯ ಮುದ್ರಣಾಲಯದ ಒಂದು ಗ್ರಂಥವನ್ನು ಅನೇಕ ಸಂಸ್ಥೆಗಳು ನಿರೀಕ್ಷಿಸುತ್ತವೆ. ಇನ್ನೊಂದು ಬಗೆಯವರು ಒಂದು ಪಾಠಕ್ರಮಕ್ಕೆ ಇಷ್ಟೆಂದು ಸಂಭಾವನೆ ಪಡೆಯುವ ಅರೆಕಾಲಿಕ ಅಧ್ಯಾಪಕರು. ಇಂಥ ಕೆಲಸಕ್ಕಾಗಿ ಭಾರತದಿಂದ ಅಭ್ಯರ್ಥಿಯನ್ನು ಕರೆಸಿಕೊಂಡು ವೀಸಾ ಒದಗಿಸುವುದು ಸಾಮಾನ್ಯವಾಗಿ ನಡೆಯುವುದಿಲ್ಲ. ಜಾಹೀರಾತಿನಲ್ಲಿ ಹುದ್ದೆ ಯಾವ ಬಗೆಯದೆಂಬುದನ್ನು ಮೊದಲು ನೋಡಬೇಕು.

ಇಂಗ್ಲೆಂಡಿನಲ್ಲಿ ಲೆಕ್ಚರರ್ ಎಂಬ ಹೆಸರು ನಮ್ಮ ಪದವಿಪೂರ್ವ ಕಾಲೇಜಿನ ಉಪನ್ಯಾಸಕರ ಹುದ್ದೆಗೆ ಸಮಾನವಲ್ಲ. ಅದು ವಿಶ್ವವಿದ್ಯಾನಿಲಯದ ಮೊದಲ ಪೂರ್ಣ ಹುದ್ದೆ. ನಿಯತ ಅವಧಿಯ ಟೀಚಿಂಗ್ ಫೆಲೋ ಹುದ್ದೆಗಳು ಅದಕ್ಕಿಂತ ಕೆಳಗಿನವು. ಜರ್ಮನಿಯಲ್ಲಿ ಪ್ರಾಧ್ಯಾಪಕ ಹುದ್ದೆಗಳು ಕೆಲವೇ. ಅದಕ್ಕಾಗಿ ಡಾಕ್ಟರೇಟ್ ಆದ ಮೇಲೆ ಎರಡನೆಯ ಮಹಾಪ್ರಬಂಧವನ್ನು ಬರೆಯುವ ಸಂಪ್ರದಾಯವುಂಟು. ಜೂನಿಯರ್ ಪ್ರೊಫೆಸರ್ ಎಂಬುದು ಈಚಿನ ಇನ್ನೊಂದು ದಾರಿ. 2007ರ ಕಾನೂನಿನಂತೆ ಅಲ್ಲಿಯ ವಿಶ್ವವಿದ್ಯಾನಿಲಯಗಳಲ್ಲಿ ತಾತ್ಕಾಲಿಕ ನೇಮಕದ ಮೇಲೆ ಅರ್ಹತೆ ಬೆಳೆಸಿಕೊಳ್ಳುವ ಅವಧಿಯು ಡಾಕ್ಟರೇಟಿಗೆ ಮೊದಲು ಆರು ವರ್ಷ, ಅನಂತರ ಆರು ವರ್ಷ ಎಂದು ಸಾಮಾನ್ಯವಾಗಿ ಸೀಮಿತವಾಯಿತು. ಇವಲ್ಲದೆ, 1950ರಲ್ಲಿ ಸ್ಥಾಪಿತವಾದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಹೊರದೇಶದ ವಿಶ್ವವಿದ್ಯಾನಿಲಯಗಳಲ್ಲಿ ಪೀಠಗಳನ್ನು ಏರ್ಪಡಿಸಿ, ಭಾರತದ ಅಧ್ಯಾಪಕರನ್ನು ನಿಯತ ಅವಧಿಗೆ ಕಳಿಸುತ್ತ ಬಂದಿದೆ. ಇಲ್ಲಿ ಸೇವೆಯಲ್ಲಿರುವ ಅನುಭವಿಗಳಿಗೆ ಇದು ಹೆಚ್ಚು ಹೊಂದುವ ಮಾರ್ಗ. ಹಂಪಿಯ ಕನ್ನಡ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬಿ.ಎ. ವಿವೇಕ ರೈಯವರು ಆ ಬಳಿಕ ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿ ಕನ್ನಡ, ತುಳು ಅಧ್ಯಯನಗಳಿಗೆ ನೆರವಾದುದು, ವಯಸ್ಸು ಮಾಗಿದ ಮೇಲೆಯೂ ಇಂಥ ಅವಕಾಶಗಳು ಬರಬಹುದೆಂಬುದಕ್ಕೆ ನಿದರ್ಶನ.

ಅರ್ಜಿಯ ಕ್ರಮ

ಅಮೆರಿಕದ ಖಾಯಂ ಸಾಲಿನ ಹುದ್ದೆಗಳ ಜಾಹೀರಾತುಗಳು ಬಹುಪಾಲು ಆಗಸ್ಟಿನಿಂದ ನವೆಂಬರ್ ತಿಂಗಳೊಳಗೆ ಪ್ರಕಟವಾಗುತ್ತವೆ. ಕೆಲಸ ಆರಂಭವಾಗುವುದು ಮುಂದಿನ ವರ್ಷದ ಆಗಸ್ಟಿನಲ್ಲಿ. ಹೀಗಾಗಿ ಒಂದು ವರ್ಷ ಮೊದಲೇ ಸಿದ್ಧತೆ ಬೇಕು. ಕೇಳುವ ಕಾಗದಗಳು ಸಾಮಾನ್ಯವಾಗಿ ಇವು: ಎರಡು ಪುಟಗಳ ಮನವಿಪತ್ರ, ವಿದ್ವತ್ ವಿವರಪಟ್ಟಿ, ಸಂಶೋಧನೆಯ ಮುಂದಿನ ಯೋಜನೆ, ಬೋಧನೆಯನ್ನು ಕುರಿತ ಹೇಳಿಕೆ, ಬರೆಹದ ಮಾದರಿ, ಮೂವರ ಶಿಫಾರಸು ಪತ್ರ.

ಇವುಗಳಲ್ಲಿ ನಮ್ಮ ಅಭ್ಯರ್ಥಿಗಳು ಎಡವುವ ಸ್ಥಳಗಳು ಗೊತ್ತಾದವೇ ಆಗಿವೆ. ವಿವರಪಟ್ಟಿಯಲ್ಲಿ ತಂದೆಯ ಹೆಸರು, ಜಾತಿ, ವಿವಾಹಸ್ಥಿತಿ, ಎಸ್.ಎಸ್.ಎಲ್.ಸಿ. ಅಂಕಗಳನ್ನು ಬರೆಯುವುದು ಅಲ್ಲಿಯ ರೂಢಿಗೆ ಹೊರಗು. ಭಾಗವಹಿಸಿದ ವಿಚಾರ ಸಂಕಿರಣಗಳ ಉದ್ದನೆಯ ಪಟ್ಟಿಗಿಂತ, ತಜ್ಞರ ಪರಿಶೀಲನೆಗೊಳಪಟ್ಟು ಪ್ರಕಟವಾದ ಒಂದೇ ಒಂದು ಗಟ್ಟಿ ಲೇಖನಕ್ಕೆ ಬೆಲೆ ಹೆಚ್ಚು. ಮನವಿಪತ್ರವು ವಿನಯದ ಮಾತುಗಳ ಸರಮಾಲೆಯಾಗಬಾರದು. ಪ್ರಬಂಧವು ಯಾವ ಪ್ರಶ್ನೆಯನ್ನು ಎತ್ತಿಕೊಂಡಿತು, ಯಾವ ಆಕರಗಳಿಂದ ಏನನ್ನು ತೋರಿಸಿತು, ಆ ವಿಷಯವನ್ನು ಅರಿಯದ ವಿದ್ವಾಂಸರಿಗೂ ಅದು ಏಕೆ ಮುಖ್ಯ ಎಂಬುದನ್ನು ಮೊದಲ ಎರಡು ಪರಿಚ್ಛೇದಗಳಲ್ಲಿಯೇ ಹೇಳಬೇಕು. ಹನ್ನೆರಡನೆಯ ಶತಮಾನದ ವಚನಕಾರ್ತಿಯರನ್ನು ಕುರಿತು ಬರೆದವರು, ಆಯ್ಕೆ ಸಮಿತಿಯಲ್ಲಿ ಕುಳಿತ ಫ್ರೆಂಚ್ ಇತಿಹಾಸದ ಪ್ರಾಧ್ಯಾಪಕರಿಗೂ ಅದರ ಮಹತ್ವ ಹೊಳೆಯುವಂತೆ ಬರೆಯಬಲ್ಲವರಾಗಿರಬೇಕು. ಬೋಧನೆಯ ಹೇಳಿಕೆಯೆಂಬುದು ನಮ್ಮಲ್ಲಿ ಅಪರಿಚಿತ. ಯಾವ ತರಗತಿಗೆ ಯಾವ ಪಠ್ಯವನ್ನು ಹೇಗೆ ಓದಿಸಲಾಯಿತು, ವಿದ್ಯಾರ್ಥಿಗಳಿಗೆ ಕಷ್ಟವಾದಾಗ ಏನು ಬದಲಾವಣೆ ಮಾಡಲಾಯಿತು ಎಂಬ ನಿರ್ದಿಷ್ಟ ಸಂಗತಿಗಳನ್ನು ಅದರಲ್ಲಿ ಕೊಡಬೇಕು. ತಾವೇ ರೂಪಿಸಿದ ಒಂದೆರಡು ಪಾಠಕ್ರಮಗಳ ಕರಡನ್ನು ಸಿದ್ಧವಾಗಿಟ್ಟುಕೊಳ್ಳುವುದು ಒಳಿತು.

ಶಿಫಾರಸು ಪತ್ರದ ವಿಷಯದಲ್ಲಿ ಅಧ್ಯಾಪಕರ ಹೊಣೆ ದೊಡ್ಡದು. ಅಭ್ಯರ್ಥಿಯೇ ಬರೆದು ತಂದ ಪತ್ರಕ್ಕೆ ಗುರುಗಳು ಸಹಿ ಹಾಕುವ ಅಭ್ಯಾಸ ಅಲ್ಲಿ ಹಾನಿಕರ. ಪತ್ರವು ಗೋಪ್ಯವಾಗಿದ್ದು, ಬರೆದವರಿಂದಲೇ ನೇರವಾಗಿ ಸಂಸ್ಥೆಗೆ ತಲುಪಬೇಕು. ನಡತೆ ಒಳ್ಳೆಯದು, ಕಷ್ಟಪಟ್ಟು ದುಡಿಯುವವರು ಎಂಬ ನಾಲ್ಕು ಸಾಲುಗಳಿಂದ ಪ್ರಯೋಜನವಿಲ್ಲ. ಪ್ರಬಂಧದ ಒಂದೊಂದು ಅಧ್ಯಾಯದ ಹೊಸತನವೇನೆಂಬುದನ್ನು ಎರಡು ಪುಟಗಳಲ್ಲಿ ವಿವರಿಸಿದ ಪತ್ರವೇ ಫಲ ಕೊಡುತ್ತದೆ. ಮೂವರಲ್ಲಿ ಒಬ್ಬರಾದರೂ ಬೇರೆ ವಿಶ್ವವಿದ್ಯಾನಿಲಯದವರಾಗಿದ್ದರೆ ಉತ್ತಮ.

ಮೊದಲ ಸುತ್ತಿನ ಸಂದರ್ಶನ ಈಗ ಬಹುಮಟ್ಟಿಗೆ ವಿಡಿಯೊ ಮೂಲಕ ನಡೆಯುತ್ತದೆ. ಚಳಿಗಾಲದಲ್ಲಿ ನ್ಯೂಯಾರ್ಕಿನ ಬೆಳಗಿನ ಹತ್ತು ಗಂಟೆಯೆಂದರೆ ಬೆಂಗಳೂರಿನಲ್ಲಿ ರಾತ್ರಿ ಎಂಟೂವರೆ; ಆ ಹೊತ್ತಿಗೆ ಸದ್ದುಗದ್ದಲವಿಲ್ಲದ ಕೊಠಡಿ, ಕೈಕೊಡದ ವಿದ್ಯುತ್ತು, ಇಂಟರ್‌ನೆಟ್ಟು ಬೇಕು. ಮನೆಯಲ್ಲಿ ಅನುಕೂಲವಿಲ್ಲದವರಿಗೆ ಶಾಲೆಯ ಒಂದು ಕೊಠಡಿ ತೆರೆದುಕೊಟ್ಟರೂ ಅದು ಉಪಕಾರವೇ. ಅಲ್ಲಿ ಉತ್ತೀರ್ಣರಾದ ಮೂರು ನಾಲ್ಕು ಮಂದಿಯನ್ನು ಸಂಸ್ಥೆಗೆ ಕರೆಸಿ, ಒಂದೆರಡು ದಿನ ಅಲ್ಲಿಯ ಅಧ್ಯಾಪಕರೊಡನೆ ಬೆರೆಯಿಸಿ, ಒಂದು ಉಪನ್ಯಾಸವನ್ನೂ ಕೆಲವೊಮ್ಮೆ ಒಂದು ಪಾಠವನ್ನೂ ಮಾಡಿಸುತ್ತಾರೆ. ಊಟದ ಮೇಜಿನ ಮಾತುಕತೆಯೂ ಆಯ್ಕೆಯ ಭಾಗವೇ ಎಂಬುದನ್ನು ಮರೆಯಬಾರದು.

ನಡುವಣ ಸೇತುವೆಗಳು

ಭಾರತದಲ್ಲಿ ಡಾಕ್ಟರೇಟ್ ಪಡೆದವರಿಗೆ ಹೊರದೇಶದ ವಿದ್ವತ್ಸಮಾಜದ ಪರಿಚಯ ಮಾಡಿಕೊಡುವ ವೇತನಗಳಲ್ಲಿ ಕೆಲವನ್ನು ಇಲ್ಲಿ ಹೆಸರಿಸಬಹುದು. ಫುಲ್‌ಬ್ರೈಟ್–ನೆಹರೂ ಡಾಕ್ಟರೇಟೋತ್ತರ ವೇತನವು ಅಮೆರಿಕದ ಸಂಸ್ಥೆಯೊಂದರಲ್ಲಿ ಸಂಶೋಧನೆಗೆ ಅವಕಾಶ ನೀಡುತ್ತದೆ. ಆದರೆ ಇದರ ಮೇಲೆ ಹೋದವರು ಅಮೆರಿಕದ ಉದ್ಯೋಗ ವೀಸಾ ಅಥವಾ ಖಾಯಂ ವಾಸದ ಪರವಾನಗಿಯನ್ನು ಪಡೆಯುವ ಮುನ್ನ ಎರಡು ವರ್ಷ ತಾಯ್ನಾಡಿನಲ್ಲಿರಬೇಕೆಂಬ ನಿಯಮವುಂಟು. ಹೊರಡುವ ಮೊದಲೇ ಇದನ್ನು ತಿಳಿದಿರಬೇಕು. ಯೂರೋಪಿನ ಮಾರೀ ಕ್ಯೂರಿ ಡಾಕ್ಟರೇಟೋತ್ತರ ವೇತನಕ್ಕೆ, ಡಾಕ್ಟರೇಟ್ ಬಳಿಕದ ಸಂಶೋಧನಾನುಭವ ಎಂಟು ವರ್ಷ ಮೀರಿರಬಾರದು. ಹೋಗಬೇಕಾದ ದೇಶದಲ್ಲಿ ಹಿಂದಿನ 36 ತಿಂಗಳುಗಳಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸಿಸಿರಬಾರದು. ಜರ್ಮನಿಯ ಹಂಬೋಲ್ಟ್ ಪ್ರತಿಷ್ಠಾನದ ವೇತನಕ್ಕೆ ಅಲ್ಲಿಯ ಪ್ರಾಧ್ಯಾಪಕರೊಬ್ಬರು ಆತಿಥ್ಯಕ್ಕೆ ಒಪ್ಪಿರಬೇಕು. ಈ ಬಗೆಯ ವೇತನಗಳಿಗೆಲ್ಲ ಅಂಥ ಆತಿಥೇಯರ ಒಪ್ಪಿಗೆ ಮುಖ್ಯವಾದುದರಿಂದ, ಅವರ ಗ್ರಂಥವನ್ನು ಓದಿ, ತಮ್ಮ ಸಂಶೋಧನೆಗೆ ಅದರ ಸಂಬಂಧವೇನೆಂದು ಒಂದು ಪುಟದಲ್ಲಿ ಬರೆದು ಕೇಳುವುದೇ ಮೊದಲ ಹೆಜ್ಜೆ. ಒಂದೇ ಪತ್ರವನ್ನು ನೂರು ಜನಕ್ಕೆ ಕಳಿಸುವುದರಿಂದ ಉತ್ತರ ಬರುವುದಿಲ್ಲ.

ಹೊರದೇಶದ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸುವ ಅನುಭವವನ್ನು ನಾಡಿನೊಳಗೇ ಪಡೆಯಲೂ ಸಾಧ್ಯ. ಮೇಲೆ ಹೇಳಿದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಮೈಸೂರಿನಲ್ಲಿ ಕನ್ನಡ ಬೋಧನೆಯನ್ನು ನಡೆಸಿಕೊಂಡು ಬಂದಿದೆ. ಕನ್ನಡವನ್ನು ಮಾತೃಭಾಷೆಯಾಗಿ ಬಲ್ಲವರಿಗೆ ಪಾಠ ಹೇಳುವುದು ಬೇರೆ. ಏನೂ ಅರಿಯದ ವಯಸ್ಕರಿಗೆ ವಿಭಕ್ತಿ, ಕ್ರಿಯಾರೂಪಗಳನ್ನು ಹಂತಹಂತವಾಗಿ ಕಲಿಸುವುದು ಬೇರೆ. ಎರಡನೆಯದನ್ನು ಬಲ್ಲವರನ್ನು ಭಾಷಾ ವಿಭಾಗಗಳು ಹುಡುಕುತ್ತವೆ.

ಕನ್ನಡವೇ ಬಂಡವಾಳ

ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದ ಬೆಂಗಳೂರಿನ ಅಭ್ಯರ್ಥಿಯು ಷೇಕ್ಸ್‌ಪಿಯರನನ್ನು ಬೋಧಿಸಲು ಬರ್ಮಿಂಗ್‌ಹ್ಯಾಮಿಗೆ ಅರ್ಜಿ ಹಾಕಿದರೆ, ಸ್ಪರ್ಧೆ ಲೋಕದ ಎಲ್ಲ ಇಂಗ್ಲಿಷ್ ಪಂಡಿತರೊಡನೆ. ಅದೇ ಅಭ್ಯರ್ಥಿ ಹಳಗನ್ನಡ ಕಾವ್ಯವನ್ನು ಓದಬಲ್ಲವರಾಗಿ, ತಾಳೆಗರಿಯ ಲಿಪಿಯನ್ನು ಬಿಡಿಸಬಲ್ಲವರಾಗಿ, ಸಂಸ್ಕೃತವನ್ನೋ ಪ್ರಾಕೃತವನ್ನೋ ತಮಿಳನ್ನೋ ಜೊತೆಗೆ ಅರಿತವರಾಗಿದ್ದರೆ ಆ ಸ್ಪರ್ಧೆಯ ಕಣದಲ್ಲಿ ನಿಲ್ಲುವವರು ಬೆರಳೆಣಿಕೆಯಷ್ಟೇ. ನ್ಯೂಯಾರ್ಕ್ ರಾಜ್ಯದ ಸ್ಟೋನಿಬ್ರೂಕ್ ವಿಶ್ವವಿದ್ಯಾನಿಲಯದ ಎಸ್.ಎನ್. ಶ್ರೀಧರ್ ಅವರು 1990ರಲ್ಲಿ ಪ್ರಕಟಿಸಿದ ಕನ್ನಡ ವ್ಯಾಕರಣ ಗ್ರಂಥ ಭಾಷಾವಿಜ್ಞಾನಿಗಳಿಗೆ ಆಕರವಾಯಿತು. ಅದೇ ವಿಶ್ವವಿದ್ಯಾನಿಲಯದಲ್ಲಿ 1997ರಲ್ಲಿ ಭಾರತ ಅಧ್ಯಯನ ಕೇಂದ್ರದ ಸ್ಥಾಪನೆಗೆ ಅವರು ಕಾರಣರಾದರು. ಬೆಂಗಳೂರು ವಿಶ್ವವಿದ್ಯಾನಿಲಯದ ಡಿ.ಆರ್. ನಾಗರಾಜ್ ಅವರು 1990ರ ದಶಕದಲ್ಲಿ ಷಿಕಾಗೋದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. 1998ರಲ್ಲಿ ಅವರು ಅಕಾಲಿಕವಾಗಿ ತೀರಿಕೊಂಡ ಮೇಲೆ, ಕನ್ನಡ ಸಾಹಿತ್ಯ ಸಂಸ್ಕೃತಿಯನ್ನು ಕುರಿತ ಅವರ ದೀರ್ಘ ಲೇಖನವು 2003ರಲ್ಲಿ ಷೆಲ್ಡನ್ ಪೊಲಾಕರ ಸಂಪಾದಿತ ಗ್ರಂಥದಲ್ಲಿ ಬೆಳಕು ಕಂಡಿತು. ಕನ್ನಡ ಮನೆಮಾತಲ್ಲದ ಗಿಲ್ ಬೆನ್-ಹೆರುಟ್ ಅವರು ಹರಿಹರನ ರಗಳೆಗಳನ್ನು ಓದಿ ಬರೆದ ಗ್ರಂಥ 2018ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಹೊರಬಂದಿತು. ಬೇರೆ ದೇಶದವರು ಕಲಿತು ಮಾಡಬಲ್ಲ ಈ ಕೆಲಸವನ್ನು, ರಗಳೆಯ ನಾಡಿನಲ್ಲಿಯೇ ಹುಟ್ಟಿದವರು ಇನ್ನೂ ಹೆಚ್ಚು ಸಂಖ್ಯೆಯಲ್ಲಿ ಮಾಡದಿರಲು ಕಾರಣವೇನೆಂದು ವಿದ್ಯಾಸಂಸ್ಥೆಗಳು ಯೋಚಿಸಬೇಕಾಗಿದೆ. ಪ್ರಬಂಧವನ್ನು ಕನ್ನಡದಲ್ಲಿ ಬರೆಯುವುದರಲ್ಲಿ ಕೊರತೆಯೇನೂ ಇಲ್ಲ. ಅದರ ಸಾರವನ್ನು ಒಂದೆರಡು ಇಂಗ್ಲಿಷ್ ಲೇಖನಗಳಲ್ಲಿ ಹೇಳದಿರುವುದು ಮಾತ್ರ ಕೊರತೆ.

ಎಚ್ಚರಿಕೆಯ ಮಾತುಗಳು

ಯಾವ ನಿಜವಾದ ವಿಶ್ವವಿದ್ಯಾನಿಲಯವೂ ಹುದ್ದೆ ಕೊಡಿಸಲು ಮುಂಗಡ ಹಣ ಕೇಳುವುದಿಲ್ಲ. ಕೇಳಿದವರು ಮಧ್ಯವರ್ತಿಗಳಾಗಲಿ, ಪತ್ರ ಬರೆದವರಾಗಲಿ, ದೂರವಿಡತಕ್ಕವರು. ಹಣ ಕೊಟ್ಟರೆ ವಾರದೊಳಗೆ ಲೇಖನ ಅಚ್ಚುಮಾಡುವ ಪತ್ರಿಕೆಗಳಿಂದಲೂ ಅಷ್ಟೇ ಅಪಾಯ: ವಿವರಪಟ್ಟಿಯಲ್ಲಿ ಅಂಥ ಹೆಸರು ಕಂಡರೆ ಒಳ್ಳೆಯ ಲೇಖನಗಳ ಮೇಲಣ ವಿಶ್ವಾಸವೂ ಕುಂದುತ್ತದೆ.

ವೀಸಾ ಮತ್ತು ವೆಚ್ಚದ ಲೆಕ್ಕವನ್ನೂ ಮೊದಲೇ ಮಾಡಬೇಕು. ಅಮೆರಿಕದ ವಿಶ್ವವಿದ್ಯಾನಿಲಯಗಳು ಎಚ್-1ಬಿ ವೀಸಾದ ವಾರ್ಷಿಕ ಮಿತಿಗೆ ಒಳಪಡುವುದಿಲ್ಲವೆಂಬುದು ಅಧ್ಯಾಪಕರಿಗೆ ಅನುಕೂಲವಾಗಿತ್ತು. ಆದರೆ 2025ರ ಸೆಪ್ಟೆಂಬರಿನಲ್ಲಿ ದೇಶದ ಹೊರಗಿನವರ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕವನ್ನು ವಿಧಿಸುವ ಘೋಷಣೆ ಹೊರಟಿತು. ಇಂಗ್ಲೆಂಡಿಗೆ ಹೋಗುವ ವಯಸ್ಕರು ತೆರಬೇಕಾದ ಆರೋಗ್ಯ ಶುಲ್ಕವು 2024ರ ಫೆಬ್ರುವರಿಯಲ್ಲಿ ವರ್ಷಕ್ಕೆ 1,035 ಪೌಂಡಿಗೆ ಏರಿತು. ವೀಸಾದ ಪೂರ್ಣ ಅವಧಿಯ ಮೊತ್ತವನ್ನು ಮುಂಗಡವಾಗಿ ಕಟ್ಟಬೇಕು. ಮೂರು ವರ್ಷದ ನೇಮಕಕ್ಕೆ ಗಂಡಹೆಂಡಿರಿಬ್ಬರು ಹೋಗುವುದಾದರೆ ಇದೊಂದೇ 6,210 ಪೌಂಡುಗಳಾಗುತ್ತದೆ. ನಿಯಮಗಳು ಬದಲಾಗುತ್ತಿರುವುದರಿಂದ ಹೊರಡುವ ವರ್ಷದ ನಿಯಮವನ್ನೇ ನೋಡತಕ್ಕದ್ದು.

ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ದಾನಿಗಳು

ಈ ಕ್ಷೇತ್ರದಲ್ಲಿ ದೊಡ್ಡ ಮೊತ್ತದ ದಾನಕ್ಕಿಂತ, ತಕ್ಕ ಸಮಯದ ಚಿಕ್ಕ ನೆರವು ಹೆಚ್ಚು ಕೆಲಸ ಮಾಡುತ್ತದೆ. ಭಾಷಾ ಪರೀಕ್ಷೆಯ ಶುಲ್ಕ, ಪ್ರಬಂಧದ ಒಂದು ಅಧ್ಯಾಯವನ್ನು ಇಂಗ್ಲಿಷಿಗೆ ತಿದ್ದಿಸುವ ಸಂಭಾವನೆ, ಒಂದು ಅಂತರರಾಷ್ಟ್ರೀಯ ಸಮ್ಮೇಳನದ ಪ್ರಯಾಣವೆಚ್ಚ, ಹೊರಡುವಾಗ ವೀಸಾ ಶುಲ್ಕಕ್ಕೆ ಬಡ್ಡಿಯಿಲ್ಲದ ಸಾಲ, ಇವಿಷ್ಟರ ಕೊರತೆಯಿಂದ ಅರ್ಹರು ಹಿಂದುಳಿಯಬಾರದು. ಹೊರದೇಶದಲ್ಲಿ ಬೋಧಿಸುತ್ತಿರುವ ಹಳೆಯ ವಿದ್ಯಾರ್ಥಿಗಳು ತಮ್ಮದೇ ಹಳೆಯ ಮನವಿಪತ್ರವೊಂದನ್ನು ಮಾದರಿಯಾಗಿ ಕಳಿಸಿ, ವರ್ಷಕ್ಕೆ ಇಬ್ಬರ ಅರ್ಜಿಗಳನ್ನು ಓದಿ ತಿದ್ದಿಕೊಟ್ಟರೆ ಅದು ಹಣದಿಂದ ಅಳೆಯಲಾಗದ ದಾನ. ಅಧ್ಯಾಪಕರಾದವರು ಪ್ರೌಢಶಾಲೆಯಲ್ಲಿಯೇ ಹಳಗನ್ನಡವನ್ನೂ ಇಂಗ್ಲಿಷನ್ನೂ ಸಮಾನ ಶ್ರದ್ಧೆಯಿಂದ ಕಲಿಸಿದರೆ ಮುಂದಿನ ಮೆಟ್ಟಲುಗಳೆಲ್ಲ ಸುಲಭವಾಗುತ್ತವೆ. ಬಸವನಗುಡಿಯಲ್ಲಿ 1945ರಲ್ಲಿ ಆರಂಭವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸಂಸ್ಥೆಯ ಗ್ರಂಥಾಲಯದಂಥ ಸೌಕರ್ಯಗಳು ಯಡಿಯೂರಿನ ಮಕ್ಕಳಿಗೆ ನಡಿಗೆಯ ದೂರದಲ್ಲಿಯೇ ಇವೆ.

ಕೊನೆಯದಾಗಿ, ಮರಳುವ ದಾರಿಯನ್ನು ಮುಚ್ಚಿಕೊಳ್ಳಬಾರದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯು, ಮಾನ್ಯ ಶ್ರೇಯಾಂಕ ಪಟ್ಟಿಗಳಲ್ಲಿ ಮೊದಲ 500ರೊಳಗಿರುವ ವಿದೇಶಿ ವಿಶ್ವವಿದ್ಯಾನಿಲಯಗಳ ಡಾಕ್ಟರೇಟ್ ಪದವಿಯನ್ನು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆಯಾಗಿ ಅಂಗೀಕರಿಸಿತು. ಹೊರದೇಶಕ್ಕೆ ಅರ್ಜಿ ಹಾಕುವವರು ಇಲ್ಲಿಯ ರಾಷ್ಟ್ರೀಯ ಅರ್ಹತಾ ಪರೀಕ್ಷೆಯನ್ನೂ ಬರೆದಿಡುವುದು, ಇಲ್ಲಿಯ ನೇಮಕಾತಿ ಪ್ರಕಟಣೆಗಳನ್ನೂ ಗಮನಿಸುತ್ತಿರುವುದು ವಿವೇಕದ ಲಕ್ಷಣ. ಪ್ರಯತ್ನಕ್ಕೆ ಮೂರು ವರ್ಷವೋ ನಾಲ್ಕು ವರ್ಷವೋ ಎಂದು ಮೊದಲೇ ಅವಧಿ ಗೊತ್ತುಮಾಡಿಕೊಂಡು, ಅದನ್ನು ಮನೆಯವರಿಗೂ ತಿಳಿಸಿದ್ದರೆ ಕೊರಗಿಗೆ ಎಡೆಯಿರುವುದಿಲ್ಲ.

ವಿದ್ವತ್ತಿನ ಬೆಲೆ ಕುಳಿತ ಪೀಠದಿಂದ ನಿರ್ಧಾರವಾಗುವುದಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದರ ಮೂಲವನ್ನೂ, 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದಾಗ, ಪ್ರಾಚೀನ ಭಾರತದ ರಾಜ್ಯನೀತಿಯನ್ನು ಕುರಿತು ಲೋಕದ ವಿದ್ವಾಂಸರು ತಮ್ಮ ಅಭಿಪ್ರಾಯಗಳನ್ನೇ ತಿದ್ದಿಕೊಳ್ಳಬೇಕಾಯಿತು. ಆ ಕೆಲಸ ನಡೆದುದು ಮೈಸೂರಿನಲ್ಲಿ. ಷಿಕಾಗೋದ ತರಗತಿಯಲ್ಲಿ ವಚನಗಳನ್ನು ಓದಿಸುವುದೂ, ಈ ಊರಿನ ಶಾಲೆಯಲ್ಲಿ ಅವನ್ನು ಓದಿಸುವುದೂ ಒಂದೇ ಕಾಯಕದ ಎರಡು ಸ್ಥಾನಗಳು. ಹೋಗಲು ಬಯಸುವವರು ತಿಳಿದು ಹೋಗಲಿ. ಉಳಿಯುವವರು ತಲೆಯೆತ್ತಿ ಉಳಿಯಲಿ. ಎರಡಕ್ಕೂ ತಕ್ಕ ಸಿದ್ಧತೆಯನ್ನು ಮಾಡಿಕೊಡುವುದು ಶಾಲೆಯ ಧರ್ಮ.